ಒಂಟೆಯ ನೆಂಟಸ್ತಿಕೆ

ಹಂಕೋಪಂಪ ಎಂಬ ನಮ್ಮ ಬೆಟ್ಟದೂರಿನಲ್ಲಿ ಒಂಟೆಯನ್ನು ಕಣ್ಣಾರೆ ಕಂಡವರು ಯಾರೂ ಇಲ್ಲ. ದಾರಿ ತಪ್ಪಿ ಒಂದು ಒಂಟೆ ಈ ಎತ್ತರಕ್ಕೆ ಹತ್ತಿ ಬಂದರೂ ತಿತಿಕಾಕಾ ಸರೋವರದ ಮೇಲಿಂದ ಬೀಸುವ ಗಾಳಿಗೆ ವಾರ ಕಳೆಯುವುದರೊಳಗೆ ಪ್ರಾಣ ಬಿಡುತ್ತದೆ. ಹಾಗಿದ್ದೂ, ನೆಮೆಸಿಯೊ ಚಾಂಬಿ ಎಂಬ ವಿಜ್ಞಾನದ ಮಾಸ್ತರನ ತಾಯಿಯ ಹೆಣ ಮನೆಯ ಅಂಗಳ ದಾಟದಂತೆ ಅಡ್ಡ ನಿಂತದ್ದು ಒಂಟೆಯೇ.

ತಪ್ಪು ಮಾಸ್ತರನದೇ ಎಂದು ಊರು ಈಗಲೂ ಹೇಳುತ್ತದೆ. ಅವನು ಶಾಲೆಯ ಗೋಡೆಗೆ ದೊಡ್ಡದೊಂದು ಚಿತ್ರಪಟ ಬರೆದು ತೂಗುಹಾಕಿದ್ದ. ನಡುವೆ ಒಂಟೆ, ಅದರಿಂದ ಹೊರಟ ಕೊಂಬೆಗಳಲ್ಲಿ ನಮ್ಮ ಲಾಮಾ, ನಮ್ಮ ಅಲ್ಪಾಕ, ಬೆಟ್ಟದ ಮೇಲಿನ ವಿಕುನ್ಯ. "ಇವೆಲ್ಲಾ ಒಂದೇ ವಂಶ ಮಕ್ಕಳೇ" ಎಂದು ವರ್ಷವರ್ಷವೂ ಪಾಠ ಹೇಳುತ್ತಿದ್ದ. ಅವನ ತಾಯಿ ದೊಮಿತಿಲ ಒಮ್ಮೆ ಶಾಲೆಗೆ ಬಂದು ಆ ಒಂಟೆಯ ಡುಬ್ಬವನ್ನು ಬಹಳ ಹೊತ್ತು ನೋಡಿ, "ಪಾಪ, ಯಾರೋ ಹೊರೆ ಹೊರಿಸಿ ಇಳಿಸೋದನ್ನೇ ಮರೆತುಬಿಟ್ಟಿದ್ದಾರೆ" ಎಂದಿದ್ದಳು. ಅಕ್ಷರ ಬಾರದ ಹೆಂಗಸು. ಅಲ್ಪಾಕ ಮೇಯಿಸಿ, ಉಣ್ಣೆ ಮಾರಿ, ಮಗನನ್ನು ಮಾಸ್ತರಿಕೆಯ ತರಬೇತಿಗೆ ಕಳಿಸಿದವಳು. ಅವಳು ಬುಧವಾರ ನಸುಕಿನಲ್ಲಿ ತೀರಿಕೊಂಡಳು.

ನಮ್ಮೂರಲ್ಲಿ ಎರಡು ಪಂಗಡ. ಓಣಿಯ ಈಚೆ ಶನಿವಾರದವರು, ಆಚೆ ಭಾನುವಾರದವರು. ಇಬ್ಬರಿಗೂ ಏಸು ಒಬ್ಬನೇ, ವಾರ ಮಾತ್ರ ಬೇರೆ. ಶನಿವಾರದವರು ಕುಡಿಯುವುದಿಲ್ಲ, ಕುಣಿಯುವುದಿಲ್ಲ. ಮೋಶೆ ಬರೆದಿಟ್ಟ ಹಾಗೆ ಮೆಲುಕು ಹಾಕುವ, ಗೊರಸು ಸೀಳಿದ ಪ್ರಾಣಿಯನ್ನಷ್ಟೇ ತಿನ್ನುತ್ತಾರೆ. ಶುಕ್ರವಾರ ಹೊತ್ತು ಮುಳುಗಿತೆಂದರೆ ಮರುದಿನ ಹೊತ್ತು ಮುಳುಗುವ ತನಕ ಅವರಿಗೆ ಸಬ್ಬತ್ತು, ಒಲೆ ಹಚ್ಚುವುದಿಲ್ಲ, ಗುದ್ದಲಿ ಮುಟ್ಟುವುದಿಲ್ಲ. ಭಾನುವಾರದವರು ಈ ಬೇಡದ್ದನ್ನೆಲ್ಲ ಮಾಡಿ, ಆಮೇಲೆ ಪಾದ್ರಿಯ ಕಿವಿಯಲ್ಲಿ ಹೇಳಿಕೊಂಡು ಹಗುರಾಗುತ್ತಾರೆ.

ಎರಡು ಪಂಗಡಕ್ಕೂ ಸಮಾನವಾದದ್ದು ಒಂದಿದೆ, ಅದು ಏಸುವಿಗಿಂತ ಹಳೆಯದು. ಸತ್ತವರ ಮನೆಯ ಮಾಂಸದೂಟ ಉಂಡವರೇ ಹೆಣ ಹೊರಬೇಕು. ಉಣ್ಣದವರು ಹೊತ್ತರೆ ದಾರಿಯಲ್ಲಿ ಎಡವುತ್ತಾರೆ, ಸತ್ತವರ ಕಾಲು ಮನೆಯ ಕಡೆಗೇ ತಿರುಗುತ್ತದೆ. ಉಂಡು ಹೊರದವರ ಗತಿಯನ್ನಂತೂ ಬಾಯಿಬಿಟ್ಟು ಹೇಳುವಂತಿಲ್ಲ. ಹೊಟ್ಟೆಯಲ್ಲಿ ಹುಟ್ಟಿದವರು ತಮ್ಮವರ ಶವಪೆಟ್ಟಿಗೆಗೆ ಹೆಗಲು ಕೊಡಲೇಕೂಡದು. ಮತ್ತೆ, ಮೂರನೆಯ ರಾತ್ರಿ ಮನೆಯಲ್ಲೇ ಉಳಿದ ಹೆಣ ಜೊತೆಗೆ ಒಬ್ಬರನ್ನು ಕರೆದುಕೊಂಡೇ ಹೊರಡುತ್ತದೆ.

ಶನಿವಾರದವರ ಪಾಸ್ಟರ್ ಸುತ್ತಮುತ್ತಲ ಹತ್ತು ಊರು ತಿರುಗುವವರಾದ್ದರಿಂದ ಅವರು ಹಂಕೋಪಂಪಕ್ಕೆ ಬಂದು ಮುಟ್ಟಿದಾಗ ಶುಕ್ರವಾರ ಬೆಳಗಾಗಿತ್ತು. ಅಂದರೆ ದೊಮಿತಿಲ ಅಂದೇ, ಹೊತ್ತು ಮುಳುಗುವ ಮೊದಲೇ, ಗುಡ್ಡದ ಮೇಲಿನ ಶನಿವಾರದವರ ಸ್ಮಶಾನದಲ್ಲಿ ಗಂಡನ ಪಕ್ಕ ಮಲಗಬೇಕಿತ್ತು. ಸಾಯುವ ಮುನ್ನ ಮಗನ ಕೈ ಹಿಡಿದು ಅವಳು ಕೇಳಿದ್ದು ಅಷ್ಟೇ. "ನಿಮ್ಮಪ್ಪನ ಪಕ್ಕ ಹಾಕು. ಅವರಿಗೆ ಒಬ್ಬರೇ ಮಲಗಿದ್ರೆ ಚಳಿ ತಡೆಯಲ್ಲ" ಎಂದಿದ್ದಳು. ಗುಂಡಿ ತೋಡಿಯಾಗಿತ್ತು. ಮಾಸ್ತರ ತಾಯಿಯ ಮಂದೆಯಿಂದಲೇ ಎರಡು ಅಲ್ಪಾಕ ಕಡಿಸಿ, ಹೆಂಡತಿ ಬಸೀಲಿಯಳ ಕೈಯಲ್ಲಿ ದೊಡ್ಡ ಹಂಡೆ ಏರಿಸಿದ್ದ.

ಹೊಸ ಪಾಸ್ಟರ್ ಎಲ್ಮೆರ್ ಲೀಮಾ ಪಟ್ಟಣದವರು, ಚಿಕ್ಕ ವಯಸ್ಸು, ಸಾಧು ಮನುಷ್ಯ. ಅವರು ಅಲ್ಪಾಕವನ್ನು ಅದುವರೆಗೆ ನೋಡಿದ್ದು ಸ್ವೆಟರ್ ರೂಪದಲ್ಲಿ ಮಾತ್ರ. ಪ್ರಾರ್ಥನೆ ಮುಗಿದು ಎಲ್ಲರೂ ಅಂಗಳದಲ್ಲಿ ತಟ್ಟೆ ಹಿಡಿದು ಕೂತರು. ಪಾಸ್ಟರ್ ಒಂದು ತುತ್ತು ಬಾಯಿಗಿಟ್ಟುಕೊಂಡು ತಲೆಯಾಡಿಸಿದರು.

"ಬಹಳ ಮೃದುವಾಗಿದೆ ಸಹೋದರಿ. ಕುರಿಯದಾ?"

ಬಡಿಸುತ್ತಿದ್ದವಳು ಯುಸ್ತಾಕಿಯ, ಶನಿವಾರದವರ ಸಭೆಯ ಹಿರಿಯ ಅಪೊಲಿನಾರ್‌ನ ಹೆಂಡತಿ. ಪಟ್ಟಣದವರ ಎದುರು ಊರಿನ ಮರ್ಯಾದೆ ಎತ್ತಿ ಹಿಡಿಯುವ ಅವಕಾಶವನ್ನು ಅವಳು ಬಿಡುವವಳಲ್ಲ.

"ಕುರಿ ಎಲ್ಲಿಂದ ಬಂತು ಪಾಸ್ಟರೇ! ಅಲ್ಪಾಕ. ಅದನ್ನೇನು ಸಾಮಾನ್ಯದ್ದು ಅನ್ಕೋಬೇಡಿ. ಮೋಶೆ ಓಡಾಡಿದ ದೇಶದಲ್ಲಿ ಒಂಟೆ ಅಂತ ಇದೆಯಲ್ಲ, ಅದರ ಖಾಸಾ ದಾಯಾದಿ. ನಮ್ಮ ಮಾಸ್ತರು ಚಿತ್ರ ಬರೆದು ಹೇಳ್ಕೊಟ್ಟಿದ್ದಾರೆ. ನನ್ನ ಮೊಮ್ಮಗಳಿಗೆ ಪೂರ್ತಿ ಬಾಯಿಪಾಠ."

ಪಾಸ್ಟರ ಚಮಚ ಅರ್ಧ ದಾರಿಯಲ್ಲೇ ನಿಂತಿತು. "ಒಂಟೆಯ ದಾಯಾದಿನಾ?" ಎಂದು ಮೆಲ್ಲಗೆ ಕೇಳಿದರು. "ಒಂಟೆ ಅಶುದ್ಧ ಅಲ್ವಾ ಸಹೋದರಿ? ಮೆಲುಕು ಹಾಕುತ್ತೆ, ಆದರೆ ಗೊರಸು ಸೀಳಿಲ್ಲ. ಶಾಸ್ತ್ರದಲ್ಲಿ ಹೆಸರು ಹಿಡಿದು ಬರೆದಿದೆ."

ಅಂಗಳದಲ್ಲಿ ಒಂದೊಂದೇ ಚಮಚ ತಟ್ಟೆಗೆ ಇಳಿಯಿತು. ಹಿರಿಯ ಅಪೊಲಿನಾರ್‌ಗೆ ದೊಡ್ಡ ಕಷ್ಟ ಬಂತು. ಅವನ ಬಾಯಿ ತುಂಬ ಮಾಂಸವಿತ್ತು. ನುಂಗಿದರೆ ಪಾಪ, ಉಗುಳಿದರೆ ಸತ್ತವಳಿಗೆ ಅವಮಾನ. ಎರಡೂ ಕೆನ್ನೆ ಉಬ್ಬಿಸಿಕೊಂಡು ಕಣ್ಣಲ್ಲೇ ಪಾಸ್ಟರನ್ನು ನೋಡುತ್ತಾ ಕೂತ.

ಮಾಸ್ತರ ಎದ್ದ. ರಾತ್ರಿಯೆಲ್ಲ ನಿದ್ದೆಯಿಲ್ಲದೆ ಅವನ ಮುಖ ಬೂದಿಯಾಗಿತ್ತು. "ಪಾಸ್ಟರೇ, ಮೆಲುಕು ಹಾಕೋದನ್ನ ನಾವು ದಿನಾ ನೋಡ್ತೀವಿ. ಗೊರಸು ತಾನೇ? ತಾಳಿ" ಎಂದು ಹಿತ್ತಲಿಗೆ ಹೋಗಿ ಕಡಿದು ಬಿಸಾಕಿದ್ದ ಒಂದು ಕಾಲು ತಂದು ಎಲ್ಲರೆದುರು ಹಿಡಿದ. "ನೋಡಿ. ಒಂದು, ಎರಡು. ನಡುವೆ ಸೀಳು. ಕುರುಡನ ಕೈಗೂ ಸಿಗುತ್ತೆ."

ಅಂಗಳ ಉಸಿರುಬಿಟ್ಟಿತು. ಕೆಲವರು ಮತ್ತೆ ಚಮಚ ಎತ್ತಿಕೊಂಡರು. ಪಾಸ್ಟರ್ ಮಾತ್ರ ಫೋನು ತೆಗೆದರು. ನಮ್ಮೂರಲ್ಲಿ ಸಿಗ್ನಲ್ ಸಿಗಬೇಕಾದರೆ ಮಣ್ಣಿನ ಗೋಡೆ ಹತ್ತಬೇಕು. ಅವರು ಗೋಡೆ ಹತ್ತಿ, ಗಾಳಿಗೆ ಟೋಪಿ ಹಿಡಿದುಕೊಂಡು, ಒಂಟೆಯ ಕಾಲಿನ ಚಿತ್ರ ಹುಡುಕಿ ಕೆಳಗೆ ಚಾಚಿದರು.

ಮಾಸ್ತರ ಬಾಯಿ ಮುಚ್ಚಿಕೊಂಡಿದ್ದರೆ ಮುಗಿದೇ ಹೋಗುತ್ತಿತ್ತು. ಆದರೆ ಇಪ್ಪತ್ತು ವರ್ಷ ಮಕ್ಕಳನ್ನು ತಿದ್ದಿದ ನಾಲಿಗೆ ಕೇಳಬೇಕಲ್ಲ. "ಹೌದು, ಒಂಟೆಗೂ ಎರಡೇ ಬೆರಳು" ಎಂದುಬಿಟ್ಟ.

ಅಪೊಲಿನಾರ್ ಅಂಗೈಗೆ ಉಗುಳಿದ. "ಏನಂದೆ? ಒಂಟೆಗೆ ಸೀಳಿಲ್ಲ ಅಂತ ಮೋಶೆ ಬರೆದಿದ್ದಾನೆ. ಎರಡಿದೆ ಅಂತ ನೀನು ಹೇಳ್ತೀಯ. ನಿಮ್ಮಿಬ್ಬರಲ್ಲಿ ಸುಳ್ಳು ಹೇಳೋನು ಯಾರು?"

"ಹಾಗಲ್ಲ ಹಿರಿಯರೇ, ನೋಡಿದ್ರೆ ಚಿತ್ರದಲ್ಲೇ..."

"ಮೋಶೆ ಒಂಟೆ ಜೊತೆ ಮರಳಲ್ಲಿ ವರ್ಷಗಟ್ಟಲೆ ನಡೆದವನು. ನೀನು ಒಂದು ಒಂಟೇನಾದ್ರೂ ಮುಟ್ಟಿದ್ದೀಯಾ?"

"ಇಲ್ಲ."

"ಹಾಗಾದ್ರೆ ಮುಚ್ಚು ಬಾಯಿ. ಹೆತ್ತವಳ ಹೆಣ ಮುಂದಿಟ್ಕೊಂಡು ಮೋಶೇನ ಸುಳ್ಳ ಅಂತೀಯಲ್ಲ, ನಿನ್ನ ನಾಲಿಗೆಗೆ ಹುಳ ಬೀಳಲ್ವಾ?"

ಗಲಾಟೆ ಎದ್ದಿತು. ಪಾಸ್ಟರ್ ಗೋಡೆಯಿಂದ ಇಳಿದು ಎರಡೂ ಕೈಯೆತ್ತಿದರು. ಜಗಳ ಅವರಿಗೆ ಆಗದು. "ಸಹೋದರರೇ, ಶಾಂತಿ. ಶಾಸ್ತ್ರಕ್ಕೂ ವಿಜ್ಞಾನಕ್ಕೂ ಜಗಳವೇ ಇಲ್ಲ. ಶಾಸ್ತ್ರ ಹೇಳುವುದು ಗೊರಸಿನ ಮಾತು. ಒಂಟೆ ಗೊರಸಿನ ಮೇಲೆ ನಡೆಯುವುದಿಲ್ಲ, ಮೆತ್ತನೆಯ ಅಂಗಾಲಿನ ಮೇಲೆ ನಡೆಯುತ್ತೆ. ಬೆರಳು ಎರಡಿದ್ದರೇನು, ಗೊರಸೇ ಇಲ್ಲದ ಮೇಲೆ ಸೀಳುವುದೇನನ್ನ? ಮೋಶೆಯೂ ಸರಿ, ಮಾಸ್ತರೂ ಸರಿ."

ಮಾಸ್ತರನಿಗೆ ಅಳು ಬರುವಷ್ಟು ಸಂತೋಷವಾಯಿತು. "ಅದನ್ನೇ ನಾನೂ ಹೇಳ್ತಿರೋದು! ಮೆತ್ತನೆ ಅಂಗಾಲು! ಪುಸ್ತಕದಲ್ಲೂ ಹಾಗೇ ಇದೆ" ಎಂದು ಕೈಯಲ್ಲಿದ್ದ ಅಲ್ಪಾಕದ ಕಾಲನ್ನು ಆಡಿಸಿದ.

ಪಾಸ್ಟರ ಕಣ್ಣು ಆ ಕಾಲಿನ ಮೇಲೆ ಇಳಿಯಿತು. ಅವರು ಹತ್ತಿರ ಬಂದು ಹೆಬ್ಬೆರಳಿನಿಂದ ಅಂಗಾಲನ್ನು ಒತ್ತಿ ನೋಡಿದರು. ಅದೂ ಮೆತ್ತಗಿತ್ತು. ಅವರು ಕೈ ಒರೆಸಿಕೊಂಡರು.

ಇಂಥ ಇಕ್ಕಟ್ಟು ಶತ್ರುವಿಗೂ ಬೇಡ. ಮೋಶೆಯನ್ನು ಉಳಿಸಿದರೆ ಅಲ್ಪಾಕ ಹೋಗುತ್ತಿತ್ತು, ಅಲ್ಪಾಕವನ್ನು ಉಳಿಸಿದರೆ ಮೋಶೆ ಹೋಗುತ್ತಿದ್ದ. ಎರಡರ ನಡುವೆ ತಾಯಿ ಬಿಳಿ ಬಟ್ಟೆ ಹೊದ್ದು ಮಲಗಿದ್ದಳು.

"ನಮ್ಮಜ್ಜ ಅಲ್ಪಾಕ ತಿಂದ, ಅಪ್ಪ ತಿಂದ, ನಾನೂ ತಿಂದೆ. ಅದಕ್ಕೇನು ಗತಿ?" ಎಂದು ಹಿಂದಿನಿಂದ ಯಾರೋ ಕೇಳಿದರು.

"ತಿಳಿಯದೆ ಮಾಡಿದ್ದಕ್ಕೆ ಕ್ಷಮೆ ಇದೆ" ಎಂದರು ಪಾಸ್ಟರ್.

"ಅಂದ್ರೆ ತಿಳಿಸಿದವನದ್ದೇ ತಪ್ಪು" ಎಂದು ಯುಸ್ತಾಕಿಯ ಲೆಕ್ಕ ಮುಗಿಸಿದಳು. ತಿಳಿಸಿದವನ ಕಡೆಗೆ ಇಡೀ ಅಂಗಳ ತಿರುಗಿ ನೋಡಿತು.

ಒಂದೆರಡು ತುತ್ತು ಊಟದ ಲೆಕ್ಕಕ್ಕಿಲ್ಲ, ಬರೀ ಆಲೂಗಡ್ಡೆ ತಿಂದು ಹೊರಲು ಹೆಣವೇನು ಹುಲ್ಲಿನ ಹೊರೆಯಲ್ಲ ಎಂದ ಅಪೊಲಿನಾರ್. ಕುರಿಗಳೆಲ್ಲ ದೂರದ ಬೆಟ್ಟದಲ್ಲಿ ಮೇಯುತ್ತಿದ್ದವು. ಮೀನಾದರೂ ಆಗಬಹುದೆಂದು ಪಾಸ್ಟರ್ ಸೂಚಿಸಿದರು. ಮಾಸ್ತರ ಎದುರು ಮನೆಯ ಬಲ್ತಸಾರನ ಸೈಕಲ್ ಕೇಳಿ ಪಡೆದು ಸರೋವರದ ಕಡೆಗೆ ಹೊಡೆದ. ಬಲ್ತಸಾರ ಭಾನುವಾರದವರ ಬ್ಯಾಂಡಿನಲ್ಲಿ ತುತ್ತೂರಿ ಊದುವವನು. ಅವನ ಸೈಕಲ್ಲಿಗೆ ಗಂಟೆ ಇತ್ತು, ಬ್ರೇಕ್ ಇರಲಿಲ್ಲ. ಇಳಿಜಾರಿನಲ್ಲಿ ಮಾಸ್ತರ ಎರಡು ಸಲ ಬಿದ್ದ. ಒಮ್ಮೆ ಬಿದ್ದಲ್ಲೇ ಸ್ವಲ್ಪ ಹೊತ್ತು ಕೂತು ತಾಯಿಯನ್ನು ನೆನೆದು ಅತ್ತ, ಮತ್ತೆ ಎದ್ದು ತುಳಿದ.

ಮೀನುಗಾರರು ಬೆಳಗಿನ ಮೀನೆಲ್ಲ ಸಂತೆಗೆ ಕಳಿಸಿದ್ದರು. ಉಳಿದದ್ದು ಒಂದು ಬಕೆಟ್ ಮೌರಿ. ಸರೋವರದ ತಳದ ಕೆಸರಲ್ಲಿ ಹೊರಳುವ, ಮೀಸೆಯ ಮೀನು. ಅದನ್ನೇ ಹ್ಯಾಂಡಲಿಗೆ ಸಿಕ್ಕಿಸಿಕೊಂಡು, ಏರಿನಲ್ಲಿ ಸೈಕಲ್ ನೂಕಿಕೊಂಡು, ನೀರು ಬೆವರು ಒಂದಾಗಿ ಅಂಗಳಕ್ಕೆ ಬಂದ.

ಅಪೊಲಿನಾರ್ ಒಂದು ಮೌರಿಯನ್ನು ಎತ್ತಿ ಬಾಲದಿಂದ ತಲೆಯವರೆಗೆ ಬೆರಳಾಡಿಸಿದ. ಕೂಸಿನ ಕೆನ್ನೆಯ ಹಾಗೆ ನುಣುಪಾಗಿತ್ತು. "ಹುರುಪೆ ಎಲ್ಲಿ?" ಎಂದ.

ಮಾಸ್ತರ ಬಕೆಟ್ಟಿನೊಳಗೆ ನೋಡಿದ. ಹುರುಪೆಯಿಲ್ಲದ ಮೀನನ್ನೂ ಶಾಸ್ತ್ರ ಬೇಡವೆಂದಿರುವುದು ಆತುರದಲ್ಲಿ ಅವನಿಗೆ ಮರೆತೇ ಹೋಗಿತ್ತು.

"ಇವನು ಬೇಕಂತಲೇ ಮಾಡ್ತಿದ್ದಾನೆ ಕಣ್ರೀ" ಎಂದಳು ಯುಸ್ತಾಕಿಯ. "ಅಶುದ್ಧದ್ದನ್ನೇ ಹುಡುಕಿ ಹುಡುಕಿ ತರ್ತಾನೆ. ಇನ್ನು ಸಂಜೆಗೆ ಹಂದಿ ಹಿಡ್ಕೊಂಡು ಬರ್ತಾನೆ ನೋಡ್ತಿರಿ."

ಅಷ್ಟು ಹೊತ್ತಿಗೆ ಬಿಸಿಲು ಗೋಡೆ ಏರಿತ್ತು. ಪಾಸ್ಟರ್ ಮಾಸ್ತರನನ್ನು ಒಂದು ಮೂಲೆಗೆ ಕರೆದರು. ಅವರಿಗೆ ನಿಜವಾಗಿಯೂ ಸಹಾಯ ಮಾಡುವ ಮನಸ್ಸಿತ್ತು. ಸಹಾಯ ಮಾಡುವವರ ಕೈಯಲ್ಲೇ ಮನುಷ್ಯ ಹೆಚ್ಚು ಹಾಳಾಗುವುದು.

"ಯೋಚನೆ ಮಾಡಿದೆ ಸಹೋದರ. ಶಾಸ್ತ್ರದಲ್ಲಿ ಒಂಟೆಯ ಹೆಸರಿದೆ, ಅಲ್ಪಾಕದ ಹೆಸರಿಲ್ಲ. ಈ ಮೂಕಪ್ರಾಣಿಗೆ ಅಂಟಿರೋ ದೋಷ ಒಂದೇ, ಒಂಟೆಯ ನೆಂಟಸ್ತಿಕೆ. ಆ ನೆಂಟಸ್ತಿಕೆ ಊರಿಗೆ ಹೇಳಿದವರು ನೀವು. ಅದು ತಪ್ಪು ಅಂತ ನೀವೇ ಎಲ್ಲರೆದುರು ಹೇಳಿಬಿಟ್ಟರೆ, ಇದೂ ಎರಡು ಬೆರಳಿನ ಒಂದು ಪ್ರಾಣಿ ಅಷ್ಟೇ. ಕಣ್ಣಿಗೆ ಕಂಡಿದ್ದನ್ನ ನಂಬಿ ಎಲ್ಲರೂ ತಿಂತಾರೆ."

"ಅದು ನಾನು ಕಟ್ಟಿದ ಮಾತಲ್ಲ ಪಾಸ್ಟರೇ. ಅದು ಇರೋದೇ ಹಾಗೆ."

ಪಕ್ಕದಲ್ಲೇ ಕಿವಿಗೊಟ್ಟು ನಿಂತಿದ್ದ ಅಪೊಲಿನಾರ್ ನಡುವೆ ಬಾಯಿ ಹಾಕಿದ. "ಇರೋದು ಹಾಗೇ ಇರಲಿ ಮಾರಾಯ. ನಿನ್ನ ವಿಜ್ಞಾನ ಬಂದು ನಿಮ್ಮಮ್ಮನ ಹೆಣ ಹೊರುತ್ತಾ?"

ಬದುಕಿನಲ್ಲಿ ಮಾಸ್ತರನಿಗೆ ಹೆಮ್ಮೆಯೆಂದು ಇದ್ದದ್ದು ಒಂದೇ: ಗೊತ್ತಿಲ್ಲದ್ದನ್ನು ಮಕ್ಕಳಿಗೆ ಗೊತ್ತೆಂದು ಅವನು ಹೇಳಿದವನಲ್ಲ, ಗೊತ್ತಿದ್ದದ್ದನ್ನು ಮುಚ್ಚಿಟ್ಟವನೂ ಅಲ್ಲ. ಅವನು ಒಳಮನೆಯ ಬಾಗಿಲ ಕಡೆ ನೋಡಿದ. ತಾಯಿಯ ಒಡೆದ ಪಾದಗಳು ಬಟ್ಟೆಯ ಹೊರಗೆ ಕಾಣುತ್ತಿದ್ದವು. ಆ ಪಾದಗಳೇ ಅವನನ್ನು ಓದಿಸಿದ್ದು. "ಪಟ ತರ್ತೀನಿ" ಎಂದು ಶಾಲೆಯ ಕಡೆ ಹೊರಟ.

ಪಟ ಹೊತ್ತು ತಂದು ಅಂಗಳದಲ್ಲಿ ಹಾಸಿದಾಗ ನೆರಳುಗಳು ಉದ್ದವಾಗಿದ್ದವು. ಉಣ್ಣೆ ಕತ್ತರಿಸುವ ಕತ್ತರಿಯನ್ನು ಅಪೊಲಿನಾರ್ ಮೊದಲೇ ತರಿಸಿ ಇಟ್ಟಿದ್ದ. ಮಾಸ್ತರ ಮೊಣಕಾಲೂರಿ ಕೂತು ಒಂಟೆಗೂ ಅಲ್ಪಾಕಕ್ಕೂ ನಡುವಿನ ಕೊಂಬೆಯ ಮೇಲೆ ಕತ್ತರಿ ಇಟ್ಟ. ಬಣ್ಣ ಬಳಿದ ದಪ್ಪ ಬಟ್ಟೆ ಬೇಗ ತುಂಡಾಗಲಿಲ್ಲ. ಕೊನೆಗೆ ಒಂಟೆ ಒಂದು ಕಡೆ, ಅಲ್ಪಾಕ ಒಂದು ಕಡೆ ಆದವು.

"ಅಲ್ಪಾಕ ಒಂಟೆಯ ವಂಶ ಅಲ್ಲ. ನಾನು ಹೇಳಿದ್ದು ತಪ್ಪು" ಎಂದ.

"ಹಿಂದಿರೋರಿಗೆ ಕೇಳಿಸ್ಲಿಲ್ಲ" ಎಂದಳು ಯುಸ್ತಾಕಿಯ.

ಮಾಸ್ತರ ಮತ್ತೆ ಹೇಳಿದ.

"ತಪ್ಪು ಅಂದ್ರೆ ಮರೆತು ಹೇಳಿದ್ದೂ ತಪ್ಪೇ. ಸುಳ್ಳು ಅಂತ ಸರಿಯಾಗಿ ಹೇಳು" ಎಂದ ಅಪೊಲಿನಾರ್.

"ಸುಳ್ಳು!" ಎಂದು ಮಾಸ್ತರ ಗಂಟಲು ಹರಿಯುವ ಹಾಗೆ ಕೂಗಿದ. "ಸುಳ್ಳು ಹೇಳಿದೆ! ಅಲ್ಪಾಕಕ್ಕೂ ಒಂಟೆಗೂ ಏನೂ ಸಂಬಂಧ ಇಲ್ಲ. ಇನ್ನಾದ್ರೂ ಉಣ್ಣಿ, ನಿಮ್ಮ ಕಾಲಿಗೆ ಬೀಳ್ತೀನಿ."

ಎಲ್ಲರಿಗೂ ನೆಮ್ಮದಿಯಾಯಿತು. ಎಷ್ಟಾದರೂ ಹಸಿದ ಜನ. ಪಾಸ್ಟರ್ ಅವನ ಬೆನ್ನು ತಟ್ಟಿದರು. ಅಪೊಲಿನಾರ್ ತಟ್ಟೆ ತೆಗೆದುಕೊಂಡು ಮೊದಲ ಸಾಲಿನಲ್ಲೇ ಕೂತು, "ಬೇಗ ಬಡಿಸ್ರಮ್ಮ, ಹೊತ್ತು ಹೋಗ್ತಿದೆ" ಎಂದ. ಮಾಸ್ತರ ತಾನೇ ಅಡುಗೆ ಮನೆಗೆ ಓಡಿ ಹಂಡೆಯ ಮುಚ್ಚಳ ತೆಗೆದ.

ಹಂಡೆಯ ತಳದಲ್ಲಿ ಒಂದು ಬೇಯಿಸಿದ ಆಲೂಗಡ್ಡೆ ಮಾತ್ರ ಇತ್ತು.

"ಬಸೀಲಿಯಾ, ಮಾಂಸ ಎಲ್ಲಿ?"

ಹೆಂಡತಿ ಶಾಲಿನ ತುದಿ ಹಿಂಡುತ್ತಾ ನಿಂತಿದ್ದಳು. "ನೀವು ಕೆರೆಗೆ ಹೋದಾಗ ಯುಸ್ತಾಕಿಯಮ್ಮ ಬಂದು, ಅಶುದ್ಧ ಮಾಂಸ ಇರೋ ಮನೆಗೆ ಸಬ್ಬತ್ತು ಕಾಲಿಡಲ್ಲ, ಸಂಜೆ ಒಳಗೆ ಎಸಿ ಅಂದ್ರು. ಅತ್ತೆ ಸಾಕಿದ ಪ್ರಾಣಿ, ನಾಯಿಗೆ ಎಸೆಯೋಕೆ ನನಗೆ ಕೈ ಬರಲಿಲ್ಲ. ಓಣಿಯಲ್ಲಿ ನಿಂತಿದ್ದ ಸೆನೋಬಿಯಕ್ಕನಿಗೆ ಗೋಡೆ ಮೇಲಿಂದ ಕೊಟ್ಟುಬಿಟ್ಟೆ."

ಸೆನೋಬಿಯ ಬಲ್ತಸಾರನ ಹೆಂಡತಿ, ಓಣಿಯ ಆಚೆಯ ಭಾನುವಾರದವರಿಗೆಲ್ಲ ದೊಡ್ಡಕ್ಕ. ಮಾಸ್ತರ ಗೋಡೆಯ ಮೇಲಿಂದ ಓಣಿಯಾಚೆ ಇಣುಕಿದ. ಅವಳ ಅಂಗಳದಲ್ಲಿ ಇಪ್ಪತ್ತು ಮೂವತ್ತು ಜನ ಕೂತು ಕೈ ನೆಕ್ಕುತ್ತಿದ್ದರು. ನಡುವೆ ಎಲುಬಿನ ಗುಡ್ಡೆ ಬಿದ್ದಿತ್ತು.

ಸೆನೋಬಿಯ ಎದ್ದು ಬಾಯಿ ಒರೆಸಿಕೊಂಡಳು. "ಮಾಸ್ತರೇ, ದೊಮಿತಿಲಕ್ಕನ ಊಟ ಅಂತ ಗೊತ್ತಿದ್ದೇ ಉಂಡಿದ್ದೀವಿ. ಉಂಡು ಕೈ ತೊಳ್ಕೊಂಡು ಕೂರೋ ಜನ ನಾವಲ್ಲ. ಏಳ್ರೋ, ಹೆಗಲು ಕೊಡಿ. ಬಲ್ತಸಾರ, ತುತ್ತೂರಿ ತಗೋ."

ಅವರು ಓಣಿ ದಾಟಿ ಬಂದೇಬಿಟ್ಟರು. ಶನಿವಾರದವರು ತಟ್ಟೆ ಹಿಡಿದವರು ಹಿಡಿದ ಹಾಗೇ ಸರಿದು ದಾರಿ ಬಿಟ್ಟರು. ಉಂಡವರು ಹೊರುವುದನ್ನು ತಡೆಯುವ ಧೈರ್ಯ ನಮ್ಮೂರಲ್ಲಿ ಯಾರಿಗೂ ಇಲ್ಲ. ಪೆಟ್ಟಿಗೆ ಮೇಲೆದ್ದಿತು. ಮಾಸ್ತರನಿಗೆ ಮೊದಲು ಸಮಾಧಾನವೇ ಆಯಿತು. ಯಾರು ಹೊತ್ತರೇನು, ಅಮ್ಮ ಅಪ್ಪನ ಪಕ್ಕ ಸೇರಿದರೆ ಸಾಕು. ಅವನು ಅಪೊಲಿನಾರ್‌ನ ಕಡೆ ತಿರುಗಿ, "ಗುಡ್ಡದ ಸ್ಮಶಾನದ ಬೀಗದ ಕೈ ಕೊಡಿ ಹಿರಿಯರೇ" ಎಂದ.

ಅಪೊಲಿನಾರ್ ಪಡುವಣಕ್ಕೆ ಬೆರಳು ತೋರಿಸಿದ. ಸೂರ್ಯನ ಕೊನೆಯ ಅಂಚು ಆಗಷ್ಟೇ ಬೆಟ್ಟದ ಹಿಂದೆ ಹೋಗಿತ್ತು. "ಸಬ್ಬತ್ತು ಬಂತು. ಬೀಗ ತೆಗೆಯೋದೂ ಕೆಲಸವೇ."

"ಬೀಗದ ಕೈ ನನಗೆ ಕೊಡಿ, ನಾನು ತೆಗೀತೀನಿ. ಪಾಪ ನನಗೇ ಬರಲಿ."

"ಕೊಡೋದೂ ಕೆಲಸವೇ."

ಪಾಸ್ಟರ್ ಗಡಿಯಾರ ನೋಡಿ, ನೆಲ ನೋಡಿ, "ಕ್ಷಮಿಸಿ ಸಹೋದರ" ಎಂದರು. ಬೀಗ ಒಡೆದರೆ ಓಣಿಯಲ್ಲಿ ತಲೆಗಳು ಒಡೆಯುತ್ತವೆಂದು ಎಲ್ಲರಿಗೂ ಗೊತ್ತಿತ್ತು. ಪೆಟ್ಟಿಗೆ ಹೆಗಲ ಮೇಲೆ ಕಾಯುತ್ತಿತ್ತು, ಅದನ್ನು ಮತ್ತೆ ಮನೆಯೊಳಗೆ ಇಳಿಸಿದರೆ ಮೂರನೆಯ ರಾತ್ರಿ.

ದಾರಿ ತೋರಿಸಿದ್ದು ಸೆನೋಬಿಯಳೇ. ಅವರ ಕಡೆಯ ಲಿಬೋರಿಯೊ ತಾತ ಆಲೂಗಡ್ಡೆ ಕಿತ್ತ ಕಾಲದಿಂದಲೂ ಇಂದು ಹೋಗುತ್ತೇನೆ, ನಾಳೆ ಹೋಗುತ್ತೇನೆ ಎನ್ನುತ್ತಾ ಹಾಸಿಗೆಯಲ್ಲಿದ್ದ. ನೆಲ ಹಿಮಗಟ್ಟುವ ಮೊದಲೇ ಇರಲಿ ಎಂದು ಮಕ್ಕಳು ಅವನಿಗೆ ಗುಂಡಿ ತೋಡಿಟ್ಟಿದ್ದರು. ಓಡಿಹೋಗಿ ಕೇಳಿದ್ದಕ್ಕೆ ತಾತ ಮಲಗಿದಲ್ಲಿಂದಲೇ, "ಹೆಣ್ಣುಮಗಳು, ಮೊದಲು ಹೋಗಲಿ" ಎಂದನಂತೆ.

ದೊಮಿತಿಲ ಹೀಗೆ ತುತ್ತೂರಿ, ಡೋಲು, ಹೆಂಡದ ಹನಿಗಳ ನಡುವೆ ಭಾನುವಾರದವರ ಬಯಲು ಸ್ಮಶಾನಕ್ಕೆ ಹೋದಳು. ಹುಟ್ಟಿದಾರಭ್ಯ ಒಂದು ತೊಟ್ಟು ಕುಡಿಯದವಳ ಪೆಟ್ಟಿಗೆಯ ಮೇಲೆ ಬಲ್ತಸಾರ ಅರ್ಧ ಬಾಟಲಿ ಸುರಿದ. ಮಾಸ್ತರ ಹಿಂದೆ ನಡೆಯುತ್ತಾ ಗುಡ್ಡದ ಕಡೆ ನೋಡಿದ. ಅಪ್ಪನ ಪಕ್ಕದ ಗುಂಡಿ ಕತ್ತಲಲ್ಲಿ ಕಾಣಲಿಲ್ಲ. ಕೊಟ್ಟ ಮಾತು ತಪ್ಪಿತು, ಸುಳ್ಳೂ ಹೇಳಿದ್ದಾಯಿತು, ಎರಡೂ ಒಂದೇ ದಿನ. ಅವನು ದಾರಿಯುದ್ದಕ್ಕೂ 'ಅಮ್ಮ, ಅಮ್ಮ' ಎನ್ನುತ್ತಿದ್ದದ್ದು ಡೋಲಿನ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ.

ಇಲ್ಲಿಗೆ ಮುಗಿದಿದ್ದರೆ ಒಂದು ದುಃಖವಾಗಿ ಉಳಿಯುತ್ತಿತ್ತು. ಆದರೆ ಗುಂಡಿ ಬಿಟ್ಟುಕೊಟ್ಟ ಚಿಂತೆಗೋ ಏನೋ, ಲಿಬೋರಿಯೊ ತಾತ ಶನಿವಾರ ಮಧ್ಯಾಹ್ನ ತೀರಿಕೊಂಡ. ಮಕ್ಕಳು ಹೊಸ ಗುಂಡಿ ತೋಡಲು ಹೋದರೆ ಹಾರೆ ಟಣ್ಣೆಂದು ಹಿಂದಕ್ಕೆ ಪುಟಿಯಿತು. ಹಿಂದಿನ ರಾತ್ರಿಯ ಚಳಿಗೆ ನೆಲ ಹೆಪ್ಪುಗಟ್ಟಿ ಕಲ್ಲಾಗಿತ್ತು.

ಇತ್ತ ಗುಡ್ಡದ ಮೇಲೆ ದೊಮಿತಿಲಳ ಗುಂಡಿ ಬಾಯಿ ತೆರೆದುಕೊಂಡೇ ಇತ್ತು. ಬಾಯಿ ತೆರೆದ ಗುಂಡಿ ತನ್ನ ಕಡೆಯ ಹಿರಿಯರನ್ನು ಹೆಸರು ಹಿಡಿದು ಕರೆಯುತ್ತದೆ ಎಂದು ನಮ್ಮಲ್ಲಿ ಹಾಲುಗಲ್ಲದ ಮಕ್ಕಳಿಗೂ ಗೊತ್ತು. ಪಾಸ್ಟರ್ ಇದನ್ನು ಮೂಢನಂಬಿಕೆ ಎಂದರು. ಅಪೊಲಿನಾರ್ ಕೂಡ ಹೌದು, ಮೂಢನಂಬಿಕೆಯೇ ಎಂದ. ಶನಿವಾರದವರಲ್ಲಿ ಎಲ್ಲರಿಗಿಂತ ಹಿರಿಯ ಅವನೇ. ಭಾನುವಾರ ಕೋಳಿ ಕೂಗುವ ಮೊದಲೇ ಹೋಗಿ ಸೆನೋಬಿಯಳ ಬಾಗಿಲು ಬಡಿದ.

"ಗುಡ್ಡದ ಮೇಲೆ ಒಳ್ಳೇ ಗುಂಡಿ ಇದೆಯಮ್ಮ. ನಮ್ಮ ಹುಡುಗರು ಅಚ್ಚುಕಟ್ಟಾಗಿ ತೋಡಿದ್ದಾರೆ. ಬೀಗ ನಾನೇ ತೆಗೀತೀನಿ."

ಮಾಸ್ತರ ಸುದ್ದಿ ಕೇಳಿ ಓಡಿ ಬಂದ. ಅವನಪ್ಪ ಒಂದು ಗಡಿಕಲ್ಲಿನ ಜಗಳದಿಂದಾಗಿ ಲಿಬೋರಿಯೊನ ಜೊತೆ ಸಾಯುವ ತನಕ ಮಾತು ಬಿಟ್ಟಿದ್ದವನು. "ಹಿರಿಯರೇ, ಅದು ನಮ್ಮಮ್ಮನ ಜಾಗ. ಬೀಗ ತೆಗೆಯೋದೇ ಆದ್ರೆ ಅಮ್ಮನ್ನ ಎತ್ತಿ ತರ್ತೀನಿ, ಒಂದು ಗಂಟೆ ಕೊಡಿ" ಎಂದು ಕೈಮುಗಿದ.

"ಹೂತ ಹೆಣ ಎತ್ತೋದಾ? ವಿಜ್ಞಾನ ಓದಿದವನು, ಬುದ್ಧಿ ಬೇಡ್ವಾ?" ಎಂದ ಅಪೊಲಿನಾರ್.

ಲಿಬೋರಿಯೊನ ಊಟ ಸೆನೋಬಿಯಳ ಅಂಗಳದಲ್ಲಿ. ಗುಡ್ಡದ ಏರು ಕಡಿದಾದದ್ದರಿಂದ ಎರಡು ಪಂಗಡದವರೂ ಹೆಗಲು ಕೊಡುವುದೆಂದು ಮಾತಾಗಿತ್ತು, ಅದಕ್ಕೆ ಎರಡು ಪಂಗಡದವರೂ ಉಣ್ಣಬೇಕಿತ್ತು. ಮಾಂಸ ಅಲ್ಪಾಕದ್ದೇ. ಭಾನುವಾರದವರು ಸ್ವಲ್ಪ ಸಂಕೋಚದಿಂದಲೇ ಬಡಿಸಿದರು. ಅಪೊಲಿನಾರ್ ಎರಡನೇ ಸಲ ತಟ್ಟೆ ಚಾಚಿ, "ಹಾಕಿ ಹಾಕಿ, ಶುದ್ಧ ಮಾಂಸ. ನಮ್ಮ ಮಾಸ್ತರೇ ಕೂಗಿ ಕೂಗಿ ಹೇಳಿದ್ದಾರಲ್ಲ, ಒಂಟೆಗೂ ಇದಕ್ಕೂ ಸಂಬಂಧ ಇಲ್ಲ ಅಂತ" ಎಂದ. ಪಾಸ್ಟರೂ ಸಂತೋಷವಾಗಿ ಉಂಡರು.

ಮಾಸ್ತರ ಗೋಡೆಗೊರಗಿ ನಿಂತಿದ್ದ. ಬುಧವಾರದಿಂದ ಅವನ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಸೆನೋಬಿಯ ಕನಿಕರದಿಂದ, "ಮುಖ ನೋಡು, ಭಿಕ್ಷುಕನ ಹಾಗಾಗಿದೆ. ಉಣ್ಣು ಮಗನೇ" ಎಂದು ತಟ್ಟೆ ಕೈಗಿಟ್ಟಳು. ಅವನು ಎಲ್ಲೋ ನೋಡುತ್ತಾ, ತಾನು ಏನು ಮಾಡುತ್ತಿದ್ದೇನೆಂಬ ಪರಿವೆಯಿಲ್ಲದೆ, ಒಂದು ತುತ್ತು ಬಾಯಿಗಿಟ್ಟ. ಆಮೇಲೆ ಹಸಿವು ತಾನೇ ಉಂಡಿತು. ತಟ್ಟೆ ಖಾಲಿಯಾದಾಗ ತಲೆ ಎತ್ತಿದರೆ ಇಡೀ ಅಂಗಳ ಅವನನ್ನೇ ನೋಡುತ್ತಿತ್ತು.

ಬಲ್ತಸಾರ ಬಂದು ಭುಜ ತಟ್ಟಿದ. "ಉಂಡ್ರಲ್ಲ ಮಾಸ್ತರೇ, ಬನ್ನಿ. ಮುಂದಿನ ಎಡಗಡೆ ನಿಮ್ಮದು."

ಅವನು ಬೇಡವೆನ್ನಲಿಲ್ಲ. ನಮ್ಮೂರಲ್ಲಿ ಉಂಡವರು ಯಾರೂ ಹಾಗೆ ಬೇಡವೆಂದದ್ದಿಲ್ಲ. ಗುಡ್ಡದ ಗೇಟು ಅಗಲಕ್ಕೆ ತೆರೆದಿತ್ತು, ಅಪೊಲಿನಾರ್ ಪಕ್ಕದಲ್ಲಿ ನಿಂತು "ನಿಧಾನ, ನಿಧಾನ" ಎನ್ನುತ್ತಿದ್ದ. ಲಿಬೋರಿಯೊ ತಾತನನ್ನು ಅಪ್ಪನ ಪಕ್ಕದ ಗುಂಡಿಗೆ ಇಳಿಸುವಾಗ ಹಗ್ಗದ ಒಂದು ತುದಿ ಮಾಸ್ತರನ ಕೈಯಲ್ಲಿತ್ತು.